ಚಳಿ ಬೇಡುವ ಬಳ್ಳಿ: ಚೀನಾದ ವಿಸ್ಟೀರಿಯಾ ಕುರಿತು ಒಂದು ಟಿಪ್ಪಣಿ

ಬೆಂಗಳೂರಿನ ಹಳೆಯ ಮನೆಗಳ ಕಾಂಪೌಂಡಿನ ಮೇಲೆ ನೇರಳೆ ಗೊಂಚಲು ತೂಗುವ ಬಳ್ಳಿಯನ್ನು ಕೆಲವರು ವಿಸ್ಟೀರಿಯಾ ಎಂದುಕೊಳ್ಳುವುದುಂಟು. ಅದು ಪೆಟ್ರಿಯಾ, ಉಷ್ಣವಲಯದ ಅಮೆರಿಕದಿಂದ ಬಂದದ್ದು. ಎಲೆ ಮುಟ್ಟಿದರೆ ಉಪ್ಪುಕಾಗದದಷ್ಟು ಒರಟು, ಹೂವಿನದು ನಕ್ಷತ್ರದ ಆಕಾರ. ವಿಸ್ಟೀರಿಯಾ ಅವರೆಯ ಕುಟುಂಬಕ್ಕೆ ಸೇರಿದ್ದು. ಹೂವೂ ಅವರೆ ಹೂವಿನಂತೆಯೇ. ಎಲೆ ಹೊಂಗೆಯಂತೆ, ಒಂದು ಕಡ್ಡಿಗೆ ಹಲವು ಕಿರುಎಲೆ. ಬೀಜ ಮಾತ್ರ ವಿಷ, ಮಕ್ಕಳಿರುವ ಮನೆಯಲ್ಲಿ ಕಾಯಿಗಳನ್ನು ಕಿತ್ತುಬಿಡಬೇಕು. ನಿಜವಾದ ವಿಸ್ಟೀರಿಯಾ ನಮ್ಮ ಬಯಲುಸೀಮೆಯ ತೋಟಗಳಲ್ಲಿ ಏಕೆ ನೆಲೆಗೊಳ್ಳಲಿಲ್ಲ ಎಂಬುದಕ್ಕೆ ಒಂದು ಹಳೆಯ ಸುಳಿವು ಇಂಗ್ಲೆಂಡಿನಲ್ಲಿ ಸಿಗುತ್ತದೆ.

1816ರಲ್ಲಿ ವೆಲ್‌ಬ್ಯಾಂಕ್ ಮತ್ತು ರಾಸ್ ಎಂಬ ಇಬ್ಬರು ಹಡಗಿನ ಕಪ್ತಾನರು ಚೀನಾದ ಕ್ಯಾಂಟನ್ನಿನಿಂದ ಈ ಬಳ್ಳಿಯ ಗಿಡಗಳನ್ನು ಇಂಗ್ಲೆಂಡಿಗೆ ಒಯ್ದರು. ಅವುಗಳ ಮೂಲ ಕಾನ್ಸೀಕ್ವಾ ಎಂಬ ವರ್ತಕನ ತೋಟ. ರಾಸ್ ತಂದ ಗಿಡ ಸರ್ರೆಯ ಟರ್ನರ್ ಎಂಬವರ ಮನೆ ಸೇರಿತು. ಚೀನಾದ ಗಿಡಕ್ಕೆ ಬಿಸಿ ಬೇಕೆಂದು ಊಹಿಸಿ, ಅದನ್ನು ಸುಮಾರು 29 ಡಿಗ್ರಿ ಸೆಲ್ಸಿಯಸ್ ಶಾಖದ ಪೀಚ್ ಗಾಜಿನಮನೆಯಲ್ಲಿಟ್ಟರು. ಕೆಂಪು ನುಸಿ ಬಿದ್ದು ಗಿಡ ಸಾಯುವ ಸ್ಥಿತಿಗೆ ಬಂತು. ಆಮೇಲೆ ತಣ್ಣನೆಯ ಜಾಗಕ್ಕೆ ಸಾಗಿಸಿದರು. ಅಲ್ಲಿ ಕುಂಡದ ಮಣ್ಣು ಮೂರು ಸಲ ಹೆಪ್ಪುಗಟ್ಟಿತು. ಗಿಡ ಚೇತರಿಸಿಕೊಂಡಿತು, 1819ರ ಮಾರ್ಚಿನಲ್ಲಿ ಹೂಬಿಟ್ಟಿತು. ಇದು ಒಂದೇ ಕುಂಡದ ಅನುಭವ, ಪ್ರಯೋಗವಲ್ಲ. ಹೂಬಿಡಲು ಹಿಮವೇ ಬೇಕೆಂದು ಇದರಿಂದ ತೀರ್ಮಾನಿಸಲಾಗದು. ಸೆಕೆಯಲ್ಲಿ ಸೊರಗಿದ ಬಳ್ಳಿ ಚಳಿಯನ್ನು ತಾಳಿ ಉಳಿಯಿತು ಎಂಬಷ್ಟು ಮಾತ್ರ ಖಚಿತ.

ಎಷ್ಟು ಚಳಿ ಸಾಕು? ಇಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ಮಾದ್ರೆಯ ಬಳ್ಳಿ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 1894ರಲ್ಲಿ ಸಣ್ಣ ಕುಂಡದಿಂದ ನೆಟ್ಟ ಚೀನೀ ವಿಸ್ಟೀರಿಯಾ ಅಲ್ಲಿ ಸುಮಾರು ಒಂದು ಎಕರೆಗೆ ಹಬ್ಬಿದೆ. ಅದರ ಭಾರಕ್ಕೆ ಮೂಲ ಮನೆಯೇ ಹಾಳಾಯಿತು. ಲಾಸ್ ಏಂಜಲೀಸ್ ಬಳಿಯ ಆ ಊರಿನ ಚಳಿಗಾಲ ಸೌಮ್ಯವಾದದ್ದು, ಆದರೂ ರಾತ್ರಿಗಳು 10 ಡಿಗ್ರಿಗಿಂತ ಕೆಳಗಿಳಿಯುತ್ತವೆ. ಬೆಂಗಳೂರಿನ ಜನವರಿಯ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿಯಲ್ಲೇ ನಿಲ್ಲುತ್ತದೆ. ಎಲೆ ಉದುರಿಸಿ ಮಲಗಬೇಕಾದ ಬಳ್ಳಿಗೆ ಇಲ್ಲಿ ನಿದ್ದೆ ಹತ್ತುವುದಿಲ್ಲ ಎಂಬುದು ನನ್ನ ಅಂದಾಜು.

ತಂಪು ಸೀಮೆಯಲ್ಲಿ ಬೆಳೆಸುವವರನ್ನೂ ಹೂವಿಲ್ಲದ ಬಳ್ಳಿ ಕಾಡುತ್ತದೆ. ಬೀಜದ ಗಿಡವಾದರೆ ಹತ್ತು ಹದಿನೈದು ವರ್ಷ ಕಾಯಬೇಕಾದೀತು. ಕಸಿ ಗಿಡ ಬೇಗ ಫಲ ಕೊಡುತ್ತದೆ. ಹೂವಿಲ್ಲವೆಂದು ಗೊಬ್ಬರ ಸುರಿಯುವುದು ದೊಡ್ಡ ತಪ್ಪು. ಬೇರಿನ ಗಂಟುಗಳೇ ಸಾರಜನಕ ಹಿಡಿದಿಡುವಾಗ ಇನ್ನಷ್ಟು ಉಣಿಸಿದರೆ ಬರೀ ಎಲೆ, ಹಂಬು. ಅದಕ್ಕಿಂತ ಕತ್ತರಿ ಮೇಲು. ಇಂಗ್ಲೆಂಡಿನ ತೋಟಗಾರರು ಜುಲೈ-ಆಗಸ್ಟಿನಲ್ಲಿ ಆ ವರ್ಷದ ಉದ್ದನೆಯ ಕುಡಿಗಳನ್ನು ಐದಾರು ಎಲೆ ಉಳಿಯುವಂತೆ ಸವರುತ್ತಾರೆ, ಜನವರಿ-ಫೆಬ್ರವರಿಯಲ್ಲಿ ಅವನ್ನೇ ಎರಡು ಮೂರು ಮೊಗ್ಗಿಗೆ ಇಳಿಸುತ್ತಾರೆ.

ನರ್ಸರಿಯ ಚೀಟಿಯನ್ನು ಪೂರ್ತಿ ನಂಬದೆ ಬಳ್ಳಿಯ ಸುತ್ತನ್ನು ನೋಡುವುದು ಒಳ್ಳೆಯದು. ಎದುರು ನಿಂತು ನೋಡಿದಾಗ ಕಂಬದ ಮೇಲೆ ಎಡದಿಂದ ಬಲಕ್ಕೆ ಏರಿದರೆ ಚೀನಾದ್ದು, ಬಲದಿಂದ ಎಡಕ್ಕೆ ಏರಿದರೆ ಜಪಾನಿನದು. ಜಪಾನಿನದಕ್ಕೆ ಕಿರುಎಲೆಗಳೂ ಹೆಚ್ಚು, ಹಲವು ತಳಿಗಳಲ್ಲಿ ಗೊಂಚಲೂ ಉದ್ದ. ಮಿಶ್ರತಳಿಗಳಲ್ಲಿ ಈ ಗುರುತು ಕೈಕೊಡಬಹುದು. ಯಾವುದೇ ಆದರೂ ಅವರೆ ಚಪ್ಪರದ ಬಿದಿರು ಇದಕ್ಕೆ ಸಾಲದು. ಕಾಂಡ ದಪ್ಪಗಾದಂತೆ ತೆಳು ಕೊಳವೆಗಳನ್ನೂ ಹಿಸುಕಿಬಿಡುತ್ತದೆ.