ನಿಯಮ ಮತ್ತು ಅರ್ಹತೆ: ಮುತ್ತಮ್ಮನವರ ಮೊಕದ್ದಮೆಯನ್ನು ಕುರಿತು

ಉನ್ನತಾಧಿಕಾರದ ಸ್ಥಾನಗಳಿಗೆ ಸ್ತ್ರೀಯರು ಏರಲಾರದೆ ಹೋದುದಕ್ಕೆ ಶಿಕ್ಷಣದ ಅಭಾವವೇ ಕಾರಣವೆಂದು ಹೇಳುವುದು ವಾಡಿಕೆ. ಭಾರತದ ವಿದೇಶಾಂಗ ಸೇವೆಯ ಇತಿಹಾಸವನ್ನು ಪರಿಶೀಲಿಸಿದರೆ ಈ ಸಮಾಧಾನವು ನಿಲ್ಲುವುದಿಲ್ಲ. ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಜನಿಸಿದ ಸಿ. ಬಿ. ಮುತ್ತಮ್ಮನವರು ಸ್ಪರ್ಧಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ 1949ರಲ್ಲಿ ಆ ಸೇವೆಯನ್ನು ಸೇರಿದ ಪ್ರಥಮ ಮಹಿಳೆ. ವಿವಾಹವಾದರೆ ರಾಜೀನಾಮೆ ಕೊಡುವುದಾಗಿ ಅವರಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಯಿತು.

ಆಗಿನ್ನೂ ಸಂವಿಧಾನವು ಜಾರಿಗೆ ಬಂದಿರಲಿಲ್ಲವೆಂದು ಈ ಕ್ರಮವನ್ನು ಮನ್ನಿಸಬಹುದೇನೋ. ಆದರೆ ಸರ್ಕಾರಿ ಉದ್ಯೋಗದಲ್ಲಿ ಲಿಂಗಭೇದವನ್ನು ನಿಷೇಧಿಸುವ 16ನೆಯ ಅನುಚ್ಛೇದವು 1950ರಲ್ಲಿ ಜಾರಿಗೆ ಬಂದು 11 ವರ್ಷಗಳು ಕಳೆದ ಮೇಲೆ, 1961ರ ಸೇವಾ ನಿಯಮಗಳಲ್ಲಿ ಅದೇ ಧೋರಣೆಯು ಪುನಃ ತಲೆದೋರಿತು. ಮಹಿಳಾ ಅಧಿಕಾರಿಯು ವಿವಾಹಕ್ಕೆ ಮುನ್ನ ಸರ್ಕಾರದ ಲಿಖಿತ ಅನುಮತಿಯನ್ನು ಪಡೆಯಬೇಕು. ಸಂಸಾರದ ಹೊಣೆಯು ಕರ್ತವ್ಯಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ಮನವರಿಕೆಯಾದರೆ ಆಕೆ ರಾಜೀನಾಮೆ ಕೊಡಬೇಕಾಗಬಹುದು. ವಿವಾಹಿತೆಗೆ ನೇಮಕವು ಹಕ್ಕಿನಿಂದ ದೊರೆಯತಕ್ಕದ್ದಲ್ಲವೆಂದು ಮತ್ತೊಂದು ನಿಯಮ. ಪುರುಷರಿಗೂ ಸಂಸಾರವಿರುವುದು ನಿಯಮಕರ್ತರಿಗೆ ತೋಚದೆ ಹೋದುದು ಸೋಜಿಗವೇ ಸರಿ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮುತ್ತಮ್ಮನವರು ಅವಿವಾಹಿತರಾಗಿಯೇ ಉಳಿದರು. ಆದುದರಿಂದ ವಿವಾಹದ ನಿಯಮವು ಅವರನ್ನು ನೇರವಾಗಿ ತಡೆಯುವಂತಿರಲಿಲ್ಲ. 1970ರಲ್ಲಿ ಅವರು ಹಂಗೆರಿಗೆ ರಾಯಭಾರಿಯಾದರು. ಆದರೂ ಪ್ರಥಮ ಶ್ರೇಣಿಗೆ ಬಡ್ತಿಯ ಪ್ರಶ್ನೆ ಬಂದಾಗ ಅರ್ಹತೆ ಸಾಲದೆಂದು ಅವರನ್ನು ಕೈಬಿಡಲಾಯಿತು. ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅರ್ಜಿಯು ವಿಚಾರಣೆಯಲ್ಲಿರುವಾಗಲೇ ಬಡ್ತಿ ಬಂದಿತು! ಕೆಲವೇ ತಿಂಗಳುಗಳಲ್ಲಿ ಅರ್ಹತೆಯು ಎಲ್ಲಿಂದ ಒದಗಿತೆಂಬ ಪ್ರಶ್ನೆಗೆ ಕಡತಗಳು ಉತ್ತರಿಸಬೇಕು.

1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತೀರ್ಪಿತ್ತರು. ಬಡ್ತಿ ದೊರೆತಿದ್ದುದರಿಂದ ಅರ್ಜಿಯು ವಜಾ ಆಯಿತು. ಆದರೆ ಅವರು ಕಳೆದುಕೊಂಡ ಜ್ಯೇಷ್ಠತೆಯನ್ನು ಪುನರ್ವಿಮರ್ಶಿಸಬೇಕೆಂದೂ, ಸೇವಾ ನಿಯಮಗಳಲ್ಲಿರುವ ಲಿಂಗತಾರತಮ್ಯವನ್ನು ತೊಡೆದುಹಾಕಬೇಕೆಂದೂ ನ್ಯಾಯಾಲಯವು ಸೂಚಿಸಿತು. ಒಂದು ನಿಯಮವನ್ನು 1973ರಲ್ಲಿಯೇ ತೆಗೆದುಹಾಕಲಾಗಿದೆಯೆಂದೂ, ಇನ್ನೊಂದೂ ರದ್ದಾಗಲಿದೆಯೆಂದೂ ಸರ್ಕಾರವು ತಿಳಿಸಿತ್ತು. ಬರೆದಿಟ್ಟ ನಿಯಮವು ಹೀಗೆ ಅಳಿಯಿತು. ಅರ್ಹತೆಯ ಹೆಸರಿನಲ್ಲಿ ನಡೆಯುವ ಆಯ್ಕೆಯಾದರೋ, ಫಿರ್ಯಾದುದಾರಳಿಗೆ ಬಡ್ತಿಯಿತ್ತೊಡನೆ ನ್ಯಾಯಾಲಯದ ಪೂರ್ಣ ವಿಚಾರಣೆಯಿಂದ ನುಣುಚಿಕೊಂಡಿತೆಂಬುದು ನನ್ನ ಅಭಿಪ್ರಾಯ.

ಮುತ್ತಮ್ಮನವರು 1982ರಲ್ಲಿ ನಿವೃತ್ತರಾದರು. ಆ ಸೇವೆಯ ಅತ್ಯುಚ್ಚ ಪದವಿಯಾದ ವಿದೇಶಾಂಗ ಕಾರ್ಯದರ್ಶಿಯ ಸ್ಥಾನಕ್ಕೆ ಮೊದಲ ಬಾರಿಗೆ ಮಹಿಳೆಯೊಬ್ಬರು, ಚೊಕಿಲಾ ಅಯ್ಯರ್ ಅವರು, ನೇಮಕಗೊಂಡುದು 2001ರಲ್ಲಿ. ಮುತ್ತಮ್ಮನವರು ಸೇವೆಗೆ ಸೇರಿ ಆಗ್ಗೆ 52 ವರ್ಷಗಳು ಸಂದಿದ್ದವು.