ಹೊನ್ನಾವರದಿಂದ ಹೊರಟ ಹಡಗು

ನಂಗಲಿಗೂ ಕಡಲಿಗೂ ಬಲು ದೂರ. ಆದರೂ ಶಾಸನಗಳಲ್ಲಿ ನಮ್ಮೂರಿನ ಹೆಸರು ಕರಾವಳಿಯ ಹೆಸರಿನೊಡನೆ ಜೊತೆಯಾಗಿ ಬರುತ್ತದೆ. ಹೊಯ್ಸಳ ವಿಷ್ಣುವರ್ಧನನ ರಾಜ್ಯಕ್ಕೆ ಮೂಡಲ ಎಲ್ಲೆ ನಂಗಲಿಯ ಘಟ್ಟ. ಪಡುವಲ ಎಲ್ಲೆ ಬಾರಕೂರಿನ ಕಡೆಯ ಘಟ್ಟ. ಆ ಬಾರಕೂರಿನ ದಾರಿಯಲ್ಲಿ ಹೋಗಿ ಕಡಲ ಬಿರುಗಾಳಿಗೆ ಸಿಕ್ಕ ಒಬ್ಬ ರಾಯಭಾರಿಯ ಕಥೆಯನ್ನು ಇಂದು ಹೇಳಬಯಸುತ್ತೇನೆ.

ಅವನು ಅಬ್ದುಲ್ ರಜಾಕ್. ತೈಮೂರನ ಮಗ ಶಾರುಖನ ಆಸ್ಥಾನದವನು. 1442ರಲ್ಲಿ ಹೆರಾತಿನಿಂದ ಕಲ್ಲಿಕೋಟೆಗೆ ಹೊರಟನು. ಹಡಗಿನ ವಾಸನೆಗೇ ಮೂರ್ಛೆ ಹೋಗಿ ಮೂರು ದಿನ ಶವದಂತೆ ಬಿದ್ದಿದ್ದೆನೆಂದು ಬರೆದುಕೊಂಡಿದ್ದಾನೆ. ಒಮಾನಿನ ತೀರದ ಬೇಗೆಯಲ್ಲಿ ರೋಗ ತಗುಲಿ ಅವನ ಅಣ್ಣ ತೀರಿಕೊಂಡನು. ಹೀಗೆ ನೊಂದು ಬಂದವನನ್ನು ವಿಜಯನಗರದ ಇಮ್ಮಡಿ ದೇವರಾಯನು ಕರೆಸಿಕೊಂಡನು. 1443ರಲ್ಲಿ ಅವನು ಕಂಡ ಏಳು ಸುತ್ತಿನ ಕೋಟೆ, ಮುತ್ತುರತ್ನಗಳ ಬಜಾರು, ಮಹಾನವಮಿಯ ವೈಭವಗಳನ್ನು ನೀವೆಲ್ಲರೂ ಪಾಠದಲ್ಲಿ ಓದಿರುವಿರಿ.

ಹಿಂದಿರುಗಿದ ಬಗೆಯನ್ನು ಮಾತ್ರ ಪಠ್ಯಪುಸ್ತಕಗಳು ಹೇಳುವುದಿಲ್ಲ. ಬಾರಕೂರಿಗೆ ಇಳಿದು, ಹೊನ್ನಾವರದಲ್ಲಿ ಹಡಗು ಗೊತ್ತುಮಾಡಿಕೊಂಡು, 1444ರ ಆರಂಭದಲ್ಲಿ ಹೊರ್ಮುಜಿನತ್ತ ಹೊರಟನು. ಮುಂಗಾರಿನ ನೈಋತ್ಯ ಗಾಳಿ ನಿಂತು ಈಶಾನ್ಯದ ಗಾಳಿ ಬೀಸುವ ಆ ತಿಂಗಳುಗಳೇ ಪಡುವಣ ಯಾನಕ್ಕೆ ತಕ್ಕ ಕಾಲ. ಹೀಗಿದ್ದೂ ನಡುಗಡಲಿನಲ್ಲಿ ಬಿರುಗಾಳಿ ಎದ್ದಿತು. ಆ ಕಾಲದಲ್ಲಿ ಪಡುಗಡಲಿನ ಹಡಗುಗಳ ಹಲಗೆಗಳನ್ನು ಸಾಮಾನ್ಯವಾಗಿ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಅಂತಹ ಹಡಗು ಅಲೆಗಳ ಹೊಡೆತಕ್ಕೆ ಸಿಕ್ಕಿದರೆ ಒಳಗಿದ್ದವರ ಪಾಡೇನು! ರಾಯಭಾರಿಯು ಕಣ್ಣೀರಿಟ್ಟನು, ಬದುಕಿನ ಆಸೆ ಬಿಟ್ಟನು, ದೇವರಿಗೆ ಶರಣಾದನು. ಕಡೆಗೆ ಗಾಳಿ ತಿರುಗಿ ಅನುಕೂಲವಾಯಿತು. ಹೊನ್ನಾವರದಿಂದ ಹೊರ್ಮುಜ್ ತಲುಪಲು 65 ದಿನಗಳು ಹಿಡಿದವು.

ಆಸ್ಥಾನದ ಪಾರಸಿ ಗದ್ಯದಲ್ಲಿ ಅಲಂಕಾರ ಹೆಚ್ಚು. ಹಾಗಾದರೆ ಈ ಬಿರುಗಾಳಿಯೂ ಅಲಂಕಾರವೇ ಎಂದು ಯಾರಾದರೂ ಕೇಳಬಹುದು. ನಾನು ನಂಬುವುದು ಅವನ ಉಪಮೆಗಳನ್ನಲ್ಲ. ಮುಂದೆ ಬರುವ ಒಂದು ಸಾದಾ ಮಾತನ್ನು. ಮಸ್ಕತ್ ಬಂದರಿನಲ್ಲಿ ಲಂಗರು ಹಾಕಿ, ಬಿರುಗಾಳಿಯಿಂದ ಹಡಗಿಗೆ ಆಗಿದ್ದ ಹಾನಿಯನ್ನು ಸರಿಪಡಿಸಿಕೊಂಡು ಮುಂದೆ ಸಾಗಿದರಂತೆ. ಉಪಮೆಗಳಿಗೆ ದುರಸ್ತಿ ಬೇಕಾಗುವುದಿಲ್ಲ. ಇತಿಹಾಸ ಓದುವಾಗ ಇಂತಹ ಸಣ್ಣ ಮಾತುಗಳ ಮೇಲೆ ಕಣ್ಣಿರಲಿ.

ನಮ್ಮ ಮುಳಬಾಗಿಲಿಗೂ ಈ ಕಥೆಯಲ್ಲಿ ಒಂದು ಎಳೆಯುಂಟು. ಅಲ್ಲಿಂದ ಆಳಿದ ಲಕ್ಕಣ್ಣ ದಂಡೇಶನಿಗೆ ದಕ್ಷಿಣ ಸಮುದ್ರಾಧೀಶ್ವರನೆಂಬ ಬಿರುದಿತ್ತು. 'ಶಿವತತ್ವಚಿಂತಾಮಣಿ'ಯ ಕವಿಯೂ ಅವನೇ. ಸಿಂಹಳದ ಗಡಿಗೆ ಯಾನ ಹೋಗಿದ್ದನೆಂದು ರಜಾಕನು ಹೇಳುವ ದಂಡನಾಯಕನನ್ನು ಹಲವು ಇತಿಹಾಸಕಾರರು ಲಕ್ಕಣ್ಣನೆಂದೇ ಗುರುತಿಸುತ್ತಾರೆ. ಬಯಲುಸೀಮೆಯವರಿಗೆ ಕಡಲೇನೂ ಅಪರಿಚಿತವಾಗಿರಲಿಲ್ಲ.

ಆ ಹಡಗು ಮುಳುಗಿದ್ದರೆ ದೇವರಾಯನ ಕಾಲದ ವಿಜಯನಗರವನ್ನು ಕಣ್ಣಾರೆ ಕಂಡವನ ಬರಹ ನಮಗೆ ದಕ್ಕುತ್ತಿರಲಿಲ್ಲ. ರಾಯಭಾರಿಯು ಅಳುತ್ತಿದ್ದ ಹೊತ್ತಿನಲ್ಲಿ ಹಾಯಿ ಇಳಿಸಿ, ನೀರು ಮೊಗೆದು, ಚುಕ್ಕಾಣಿ ಹಿಡಿದ ಕೈಗಳು ಬೇರೆ ಇದ್ದಿರಲೇಬೇಕು. ಆ ನಾವಿಕರ ಹೆಸರುಗಳು ಉಳಿದಿಲ್ಲ. ಹಂಪೆಯ ವೈಭವದ ಪಾಠ ಓದುವಾಗ ಅವರನ್ನೂ ಒಮ್ಮೆ ನೆನೆಯೋಣ.