ಕುಂಡದ ಮಣ್ಣಿನ ರಸಸಾರ: ತಿದ್ದುಪಡಿಗೆ ಮೊದಲು ನೀರಿನ ಲೆಕ್ಕ

ಸಾರಾಂಶ

ಸಾವಯವ ತಾರಸಿ ತೋಟಗಳಲ್ಲಿ ಮಣ್ಣಿನ ಹುಳಿ ತಗ್ಗಿಸಲು ಸುಣ್ಣ, ಬೂದಿ, ಮೊಟ್ಟೆ ಚಿಪ್ಪು ಹಾಕುವ ರೂಢಿ ವ್ಯಾಪಕವಾಗಿದೆ. ಕುಂಡ ತುಂಬಿದ ದಿನದ ಮಿಶ್ರಣಕ್ಕಿಂತ ಅದಕ್ಕೆ ನಿತ್ಯ ಎರೆಯುವ ನೀರೇ ಮುಂದಿನ ತಿಂಗಳುಗಳ ರಸಸಾರವನ್ನು ಹೆಚ್ಚಾಗಿ ನಿರ್ಧರಿಸುತ್ತದೆ. ಆದ್ದರಿಂದ ನೀರಿನ ಕ್ಷಾರೀಯತೆ ಅರಿಯದೆ ಯಾವ ತಿದ್ದುಪಡಿಯನ್ನೂ ಮಾಡಬಾರದು ಎಂಬುದು ಈ ಲೇಖನದ ಪ್ರತಿಪಾದನೆ.

1. ಹೊಲದ ಮಣ್ಣು, ಕುಂಡದ ಮಣ್ಣು

ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಸೋರೆನ್ಸನ್ 1909ರಲ್ಲಿ ರೂಪಿಸಿದ ರಸಸಾರದ ಮಾಪನದಲ್ಲಿ ಒಂದು ಅಂಕದ ಇಳಿಕೆ ಎಂದರೆ ಆಮ್ಲತೆಯ ಹತ್ತುಪಟ್ಟು ಏರಿಕೆ. ಹೊಲದ ಮಣ್ಣಿನಲ್ಲಿ ಬಹುತೇಕ ತರಕಾರಿಗಳಿಗೆ 6ರಿಂದ 7 ಹಿತಕರ. ಅಲ್ಲಿ ರಸಸಾರ 5.5ಕ್ಕಿಂತ ಇಳಿದರೆ ಅಲ್ಯೂಮಿನಿಯಂ ಕರಗಿ ಬೇರುಗಳಿಗೆ ವಿಷವಾಗುತ್ತದೆ. ಕೋಕೋಪೀಟ್ ಹೆಚ್ಚಿರುವ ಮಿಶ್ರಣದಲ್ಲಿ ಅಲ್ಯೂಮಿನಿಯಂ ತೀರಾ ಕಡಿಮೆ. ಹೀಗಾಗಿ ಅಲ್ಲಿ 5.5ರಿಂದ 6.5 ಸಾಕು.

ಜೇಡಿ ಮತ್ತು ಸಾವಯವ ಅಂಶಗಳು ರಸಸಾರದ ಏರಿಳಿತವನ್ನು ತಡೆಯುತ್ತವೆ. ಹೊಲದಲ್ಲಿ ಬೇರಿನ ಸುತ್ತ ಅಪಾರ ಮಣ್ಣಿದ್ದು ಈ ತಡೆಶಕ್ತಿಯೂ ದೊಡ್ಡದು. ಹತ್ತು ಲೀಟರಿನ ಕುಂಡದಲ್ಲಿ ಅದು ಬೇಗ ಮುಗಿದುಹೋಗುತ್ತದೆ. ಒಂದು ಹಿಡಿ ಬೂದಿ ಹೊಲಕ್ಕೆ ಲೆಕ್ಕಕ್ಕಿಲ್ಲದಿದ್ದರೂ ಕುಂಡದ ರಸಸಾರವನ್ನು ಅಡಿಮೇಲು ಮಾಡಬಲ್ಲದು.

2. ನೀರು ತರುವ ಸುಣ್ಣ

ಬೆಂಗಳೂರಿನ ಕೆಮ್ಮಣ್ಣು ಸಾಮಾನ್ಯವಾಗಿ ಅಲ್ಪ ಆಮ್ಲೀಯ ಅಥವಾ ತಟಸ್ಥ. ಆದರೆ ನಗರದ ಅನೇಕ ಕೊಳವೆಬಾವಿಗಳ ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಕರಗಿರುತ್ತದೆ. ಇಲ್ಲಿ ಗಮನಿಸಬೇಕಾದದ್ದು ನೀರಿನ ರಸಸಾರವನ್ನಲ್ಲ, ಪರೀಕ್ಷಾ ವರದಿಯಲ್ಲಿರುವ ‘ಒಟ್ಟು ಕ್ಷಾರೀಯತೆ’ಯನ್ನು. ರಸಸಾರ ಒಂದೇ ಇರುವ ಎರಡು ನೀರುಗಳು ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿಯಲ್ಲಿ ಬಹಳ ಬೇರೆಯಾಗಿರಬಹುದು.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012 ಒಪ್ಪುವ ಕ್ಷಾರೀಯತೆ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರಿನ ಮೂಲವಿಲ್ಲದಿದ್ದರೆ 600ರವರೆಗೆ ಅನುಮತಿಯಿದೆ. ಲೀಟರಿಗೆ 200 ಮಿಲಿಗ್ರಾಂ ಇರುವ ನೀರನ್ನೇ ದಿನಕ್ಕೊಂದು ಲೀಟರಿನಂತೆ 100 ದಿನ ಹಾಕಿದರೆ ಕುಂಡಕ್ಕೆ ಸೇರುವುದು 20 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರ. ತಳದಿಂದ ಬಸಿದುಹೋಗುವ ಭಾಗವನ್ನು ಕಳೆದರೂ, ತೋಟಗಾರ ಸುಣ್ಣವನ್ನೇ ಮುಟ್ಟದಿದ್ದರೂ ಕುಂಡಕ್ಕೆ ಸುಣ್ಣ ಬೀಳುತ್ತಲೇ ಇರುತ್ತದೆ.

ಇದರ ಮೊದಲ ಗುರುತು ಎಳೆಯ ಎಲೆಗಳಲ್ಲಿ ಕಾಣುತ್ತದೆ: ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ರಸಸಾರ ಏರಿದಂತೆ ಅದು ಕರಗುವುದಿಲ್ಲ. ಸಾರಜನಕದ ಕೊರತೆಯಾದರೆ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಈ ವ್ಯತ್ಯಾಸ ತಿಳಿಯದೆ ಬೂದಿಯನ್ನೋ ಚಿಪ್ಪಿನ ಪುಡಿಯನ್ನೋ ಹಾಕಿದರೆ ರೋಗ ಉಲ್ಬಣಿಸುತ್ತದೆ.

ಕರಾವಳಿ ಮತ್ತು ಮಲೆನಾಡಿನಲ್ಲಿ ಪರಿಸ್ಥಿತಿ ತದ್ವಿರುದ್ಧ. ಭಾರಿ ಮಳೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದೊಯ್ಯುವುದರಿಂದ ಅಲ್ಲಿನ ಜಂಬಿಟ್ಟಿಗೆ ಮಣ್ಣು ಹುಳಿ. ಆ ಮಣ್ಣು ತುಂಬಿದ ಕುಂಡಕ್ಕೆ ಸುಣ್ಣ ಬೇಕಾಗಬಹುದು.

3. ತಿದ್ದುಪಡಿಗಳ ಸಾಮರ್ಥ್ಯ

ರಸಸಾರ ಏರಿಸಲು ಡೋಲೋಮೈಟ್ ಪುಡಿ ಉತ್ತಮ. ಅದು ನಿಧಾನವಾಗಿ ಕರಗುತ್ತ ಮೆಗ್ನೀಸಿಯಂ ಅನ್ನೂ ಕೊಡುತ್ತದೆ. ಮೊಟ್ಟೆ ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ ಆದರೂ ಹಿಟ್ಟಿನಷ್ಟು ನುಣ್ಣಗೆ ಪುಡಿಯಾಗದ ಹೊರತು ಅದರ ಪರಿಣಾಮ ತೀರಾ ನಿಧಾನ. ಸೌದೆ ಬೂದಿಯ ಪೊಟ್ಯಾಷಿಯಂ ಕಾರ್ಬೊನೇಟ್ ನೀರಿನಲ್ಲಿ ತಕ್ಷಣ ಕರಗುವುದರಿಂದ ಚಿಟಿಕೆಗಳಲ್ಲಿ ಮಾತ್ರ ಬಳಸಬೇಕು. ಜಿಪ್ಸಂ ಕ್ಯಾಲ್ಸಿಯಂ ಕೊಡುತ್ತದೆ, ಆದರೆ ಆಮ್ಲತೆಯನ್ನು ತಟಸ್ಥಗೊಳಿಸದು.

ರಸಸಾರ ಇಳಿಸಲು ಧಾತುರೂಪದ ಗಂಧಕ ಭರವಸೆಯ ವಸ್ತು. ಗಂಧಕವನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯಾಗಳು ಅದನ್ನು ಗಂಧಕಾಮ್ಲವಾಗಿಸುತ್ತವೆ. ಇದಕ್ಕೆ ತೇವ, ಗಾಳಿ, ಬಿಸುಪು ಮತ್ತು ವಾರಗಟ್ಟಲೆ ಸಮಯ ಬೇಕು. 32 ಗ್ರಾಂ ಗಂಧಕ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ಮೇಲೆ ಲೆಕ್ಕಹಾಕಿದ 20 ಗ್ರಾಂ ಕ್ಷಾರಕ್ಕೆ ಸುಮಾರು 6.4 ಗ್ರಾಂ ಗಂಧಕ ಸಾಕು. ಅದನ್ನೂ ಒಂದೇ ಸಲ ಹಾಕದೆ ಹಲವು ಕಂತುಗಳಲ್ಲಿ ಹಾಕುವುದು ಕ್ಷೇಮ. ಬೇವಿನ ಹಿಂಡಿ, ಕಡಲೆಕಾಯಿ ಹಿಂಡಿಗಳ ಸಾರಜನಕ ನೈಟ್ರೇಟಾಗಿ ಬದಲಾಗುವಾಗಲೂ ಆಮ್ಲ ಹುಟ್ಟುತ್ತದೆ.

ನಿಂಬೆರಸ, ಹುಳಿಮಜ್ಜಿಗೆಗಳ ಫಲ ಅಲ್ಪಕಾಲಿಕ. ಸೂಕ್ಷ್ಮಜೀವಿಗಳು ಆ ಸಾವಯವ ಆಮ್ಲಗಳ ಲವಣಗಳನ್ನು ಒಡೆದಾಗ ಬೈಕಾರ್ಬೊನೇಟ್ ಮರಳಿ ಉಂಟಾಗುತ್ತದೆ. ಬಳಸಿದ ಕಾಫಿ ಚರಟವೂ ಬಹುತೇಕ ತಟಸ್ಥಕ್ಕೆ ಹತ್ತಿರವಿರುವುದರಿಂದ ಆಮ್ಲದ ಮೂಲವಾಗಿ ಅದನ್ನು ನೆಚ್ಚಲಾಗದು.

4. ಅನುಸರಿಸಬೇಕಾದ ಕ್ರಮ

ಮೊದಲು ನೀರಿನ ಒಟ್ಟು ಕ್ಷಾರೀಯತೆಯನ್ನು ಪರೀಕ್ಷಿಸಬೇಕು. ನಂತರ, ಎಂದಿನಂತೆ ನೀರು ಹಾಕಿದ ಕುಂಡವನ್ನು ಸುಮಾರು ಒಂದು ಗಂಟೆ ಬಿಟ್ಟು, ಮೇಲಿನಿಂದ ಸ್ವಲ್ಪ ಬಟ್ಟಿ ಇಳಿಸಿದ ನೀರನ್ನು ಸುರಿದು, ತಳದಿಂದ ಬಸಿದದ್ದರ ರಸಸಾರವನ್ನು ಅಳೆಯಬೇಕು. ಒಂದೇ ಅಳತೆಯನ್ನು ನಂಬದೆ, ಕೆಲವು ವಾರಗಳ ಅಂತರದಲ್ಲಿ ಮತ್ತೆ ಅಳೆದು, ರಸಸಾರ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿದ ಮೇಲೆಯೇ ಸುಣ್ಣವೋ ಗಂಧಕವೋ ಎಂದು ತೀರ್ಮಾನಿಸಬೇಕು.

5. ಸಮಾರೋಪ

ಬೆಂಗಳೂರಿನಲ್ಲಿ ನಿಗದಿತ ಅಳತೆಯ ನಿವೇಶನಗಳಿಗೆ 2009ರಿಂದ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಕ್ಷಾರೀಯತೆ ಇಲ್ಲವೆನ್ನುವಷ್ಟು ಕಡಿಮೆ ಇರುವ ಈ ನೀರನ್ನು ಕೊಳವೆಬಾವಿ ನೀರಿನೊಂದಿಗೆ ಸಮಪಾಲು ಬೆರೆಸಿದರೆ ಕುಂಡಕ್ಕೆ ಬೀಳುವ ಕ್ಷಾರ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಗಂಧಕದ ಅಗತ್ಯವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಹೊರಗಿನ ಒಳಸುರಿಗಳನ್ನು ಕಡಿಮೆ ಮಾಡುವುದೇ ಸಾವಯವ ಕೃಷಿಯ ಗುರಿಯಾಗಿರುವಾಗ, ತಾರಸಿಯ ಮೇಲೆ ಬಿದ್ದ ಮಳೆಯನ್ನು ಅಲ್ಲಿನ ಗಿಡಗಳಿಗೇ ಉಳಿಸುವುದು ನಮ್ಮ ಮೊದಲ ತಿದ್ದುಪಡಿಯಾಗಬೇಕು.